ಕೂಲೀ ಸಿಟಿಗೆ ನೂರೆಂಟು ಮೈಲಿ

ಮೊದಲ ದಿನ

ಆಗಸ್ಟ್ ತಿಂಗಳ ಕೊನೆಯ ವಾರ, ಗೋಧಿಯ ಕೊಯ್ಲು ಮುಗಿಯುತ್ತ ಬಂದಿದ್ದ ಹೊತ್ತಿನಲ್ಲಿ, ನಾನು ಸಿಯಾಟಲ್‌ನಿಂದ ಪೂರ್ವಕ್ಕೆ ಹೊರಟೆ. ಅಮೆರಿಕದ ವಾಷಿಂಗ್ಟನ್ ರಾಜ್ಯದ ಪೂರ್ವಭಾಗದಲ್ಲಿ, ಸ್ಪೋಕೇನ್ ನಗರದ ಪಕ್ಕದಲ್ಲಿರುವ ಚೀನಿ ಎಂಬ ಊರಿನಿಂದ ಕೂಲೀ ಸಿಟಿಯವರೆಗೆ ಹೋಗುವ 108 ಮೈಲಿ, ಅಂದರೆ ಸುಮಾರು 174 ಕಿಲೋಮೀಟರ್ ಉದ್ದದ ರೈಲ್ವೆ ಶಾಖಾ ಮಾರ್ಗವನ್ನು ಆದಿಯಿಂದ ಅಂತ್ಯದವರೆಗೆ ಕಣ್ಣಾರೆ ನೋಡಬೇಕೆಂಬುದೇ ನಾಲ್ಕು ದಿನಗಳ ಈ ತಿರುಗಾಟದ ಉದ್ದೇಶವಾಗಿತ್ತು. ಆ ಹಳಿಯ ಮೇಲೆ ಈಗ ಪ್ರಯಾಣಿಕರ ಗಾಡಿ ಇಲ್ಲ. ಮಾರ್ಗದ ಬಹುಭಾಗಕ್ಕೆ ಜೊತೆಯಾಗಿ ಸಾಗುವ 2ನೇ ಸಂಖ್ಯೆಯ ಹೆದ್ದಾರಿಯಲ್ಲಿ ಕಾರು ಓಡಿಸುತ್ತ, ಅಲ್ಲಲ್ಲಿ ಇಳಿದು ನೋಡುವುದೊಂದೇ ಉಳಿದಿದ್ದ ದಾರಿ.

ಶಾಖಾ ಮಾರ್ಗಗಳ ಮೇಲಿನ ನನ್ನ ಮಮತೆ ಸಾಗರದ ಬಾಲ್ಯದಿಂದ ಬಂದದ್ದು. ಶಿವಮೊಗ್ಗದಿಂದ ತಾಳಗುಪ್ಪಕ್ಕೆ ಮೀಟರ್ ಗೇಜ್ ಹಳಿಯ ಮೇಲೆ ರೈಲುಬಸ್ಸು ಓಡುತ್ತಿದ್ದ ಕಾಲದಲ್ಲಿ, ಈ ಮಾರ್ಗ ಇನ್ನೆಷ್ಟು ದಿನ ಉಳಿದೀತು ಎಂಬ ಮಾತು ನಮ್ಮ ಮನೆಯ ಜಗಲಿಯ ಮೇಲೆ ಮತ್ತೆ ಮತ್ತೆ ಬರುತ್ತಿತ್ತು. ಕೊನೆಗೆ ಅದು ಬ್ರಾಡ್ ಗೇಜ್ ಆಗಿ ಉಳಿಯಿತು. ಅಲ್ಲಿ ಮಾರ್ಗವನ್ನು ಮುಚ್ಚುವ ಅಧಿಕಾರವೂ ಉಳಿಸುವ ಅಧಿಕಾರವೂ ಭಾರತೀಯ ರೈಲ್ವೆ ಎಂಬ ಒಂದೇ ಮನೆಯೊಳಗಿದ್ದವು. ಅಮೆರಿಕದಲ್ಲಿ ಹಾಗಲ್ಲ. ದೊಡ್ಡ ಕಂಪನಿಯೊಂದು ತನಗೆ ಬೇಡವಾದ ಶಾಖೆಯನ್ನು ಮಾರಬಹುದು, ಗುತ್ತಿಗೆಗೆ ಕೊಡಬಹುದು, ಇಲ್ಲವೇ ಅನುಮತಿ ಪಡೆದು ಹಳಿಯನ್ನೇ ಕಿತ್ತುಹಾಕಬಹುದು. ಮಾರಿದ ಶಾಖೆಯನ್ನು ವಹಿಸಿಕೊಂಡು ನಡೆಸುವ ಚಿಕ್ಕ ಕಂಪನಿಗಳನ್ನು ಅಲ್ಲಿಯವರು ‘ಷಾರ್ಟ್ ಲೈನ್’ ಎನ್ನುತ್ತಾರೆ. ಅಂಥವು ದೇಶದಲ್ಲಿ ಸುಮಾರು 600 ಇವೆ. 1980ರಲ್ಲಿ ಅಧ್ಯಕ್ಷ ಜಿಮ್ಮಿ ಕಾರ್ಟರ್ ಸಹಿ ಹಾಕಿದ ಸ್ಟ್ಯಾಗರ್ಸ್ ಕಾಯ್ದೆಯು ರೈಲ್ವೆ ಕಂಪನಿಗಳ ಮೇಲಿನ ಸರ್ಕಾರಿ ಹಿಡಿತವನ್ನು ಸಡಿಲಿಸಿದ ಮೇಲೆ ಇವುಗಳ ಸಂಖ್ಯೆ ಬೇಗ ಬೆಳೆಯಿತು.

ಸ್ನೋಕ್ವಾಲ್ಮಿ ಕಣಿವೆ ದಾಟಿ, ಕೊಲಂಬಿಯಾ ನದಿಯ ಸೇತುವೆಯನ್ನೂ ಹಿಂದೆ ಬಿಟ್ಟು, ಮಧ್ಯಾಹ್ನದ ಹೊತ್ತಿಗೆ ರಿಟ್ಜ್‌ವಿಲ್ ತಲುಪಿದೆ. ಮುಖ್ಯಮಾರ್ಗದ ಪಕ್ಕದಲ್ಲಿ, ಒಂದೇ ಸಲಕ್ಕೆ 110 ಡಬ್ಬಿಗಳ ರೈಲಿಗೆ ಗೋಧಿ ತುಂಬಬಲ್ಲ ದೊಡ್ಡ ಕೇಂದ್ರ ಇಲ್ಲಿದೆ. ಅರ್ಧ ಗಂಟೆ ನಿಂತು ಒಳಬರುವ ಲಾರಿಗಳನ್ನು ನೋಡಿದೆ. ಒಂದರ ಹಿಂದೆ ಒಂದರಂತೆ ಅವು ಬರುತ್ತಲೇ ಇದ್ದವು. ದೊಡ್ಡ ರೈಲ್ವೆ ಕಂಪನಿಗೆ ಬೇಕಾದದ್ದು ಇದೇ: ಒಂದೇ ಜಾಗದಲ್ಲಿ ಒಂದೇ ಸರಕು ತುಂಬಿ, ಎಲ್ಲೂ ಬಿಡಿಸದೆ ಜೋಡಿಸದೆ ಬಂದರಿನವರೆಗೆ ಎಳೆದೊಯ್ಯಬಹುದಾದ ಉದ್ದನೆಯ ರೈಲು. ಹೀಗಿರುವಾಗ, ಒಂದೂರಿನಲ್ಲಿ ಐದು ಡಬ್ಬಿ, ಮುಂದಿನೂರಿನಲ್ಲಿ ಎಂಟು ಡಬ್ಬಿ ಎಂದು ಹೆಕ್ಕಿಕೊಂಡು ಬರಬೇಕಾದ ಶಾಖೆಯನ್ನು ಯಾರು, ಏಕೆ ಉಳಿಸಿಕೊಳ್ಳುತ್ತಾರೆ? ಈ ಪ್ರಶ್ನೆಯನ್ನು ಮನಸ್ಸಿನಲ್ಲಿಟ್ಟುಕೊಂಡೇ ಅಂದಿನ ರಾತ್ರಿ ಸ್ಪೋಕೇನ್‌ನಲ್ಲಿ ತಂಗಿದೆ.

ಎರಡನೆಯ ದಿನ

ಬೆಳಿಗ್ಗೆ ಏಳಕ್ಕೆಲ್ಲ ಚೀನಿಯಲ್ಲಿದ್ದೆ. ಊರಿಗೆ ಈ ಹೆಸರು ಬಂದದ್ದು ನಾರ್ದರ್ನ್ ಪೆಸಿಫಿಕ್ ರೈಲ್ವೆಯ ನಿರ್ದೇಶಕರಲ್ಲೊಬ್ಬರಾಗಿದ್ದ ಬಾಸ್ಟನ್‌ನ ಬೆಂಜಮಿನ್ ಚೀನಿಯವರಿಂದ. ಮುಖ್ಯಮಾರ್ಗದಲ್ಲಿ ಕಂಟೇನರುಗಳನ್ನು ಹೊತ್ತ, ಬಿಎನ್‌ಎಸ್‌ಎಫ್ ಎಂಬ ದೊಡ್ಡ ರೈಲ್ವೆ ಕಂಪನಿಯ ರೈಲೊಂದು ಮುಗಿಯುವುದೇ ಇಲ್ಲವೇನೋ ಎಂಬಷ್ಟು ಹೊತ್ತು ಸಾಗಿಹೋಯಿತು. ಅದು ಮರೆಯಾದ ಮೇಲಷ್ಟೇ, ಪಶ್ಚಿಮಕ್ಕೆ ತಿರುಗಿ ಹೊಲಗಳ ಕಡೆಗೆ ಹೋಗುವ ಒಂಟಿ ಹಳಿ ಕಣ್ಣಿಗೆ ಬಿತ್ತು.

ಈ ಮಾರ್ಗದ ಚರಿತ್ರೆ ಚಿಕ್ಕದೇ, ಆದರೆ ತಿರುವುಗಳು ಹಲವು. ನಾರ್ದರ್ನ್ ಪೆಸಿಫಿಕ್‌ನ ಅಂಗಸಂಸ್ಥೆಯಾದ ಸೆಂಟ್ರಲ್ ವಾಷಿಂಗ್ಟನ್ ರೈಲ್ವೆ ಇದನ್ನು ಕಟ್ಟಿತು. 1889ರಲ್ಲಿ ಡ್ಯಾವೆನ್‌ಪೋರ್ಟ್‌ಗೂ 1890ರಲ್ಲಿ ಕೂಲೀ ಸಿಟಿಗೂ ಹಳಿ ಮುಟ್ಟಿತು. ಇವತ್ತಿಗೂ ರೈಲ್ವೆಯವರು ಇದನ್ನು ಕರೆಯುವುದು ಆ ಮೂಲ ಕಂಪನಿಯ ಮೊದಲಕ್ಷರಗಳಿಂದ, ‘ಸಿಡಬ್ಲ್ಯು ಶಾಖೆ’ ಎಂದು. 1970ರಲ್ಲಿ ನಾರ್ದರ್ನ್ ಪೆಸಿಫಿಕ್ ಸೇರಿದಂತೆ ಹಲವು ಕಂಪನಿಗಳು ಕೂಡಿ ಬರ್ಲಿಂಗ್ಟನ್ ನಾರ್ದರ್ನ್ ಆದವು, ಆ ಕಂಪನಿಯೂ ಸಾಂಟಾ ಫೆಯೊಡನೆ ಕೂಡಿಕೊಂಡ ಮೇಲೆ, 1996ರಲ್ಲಿ, ಈ ಶಾಖೆ ಕ್ಯಾನ್ಸಸ್‌ನ ವಾಟ್ಕೋ ಸಂಸ್ಥೆಯ ಪಾಲಾಯಿತು. ಹೀಗೆ ಹುಟ್ಟಿಕೊಂಡ ಕಿರು ಜಾಲಕ್ಕೆ ‘ಪಲೂಸ್ ರಿವರ್ ಅಂಡ್ ಕೂಲೀ ಸಿಟಿ’ ಎಂಬ ಹೆಸರು ಬಂತು.

ಮಾರಾಟವಾದ ಮಾತ್ರಕ್ಕೆ ಮಾರ್ಗದ ಕಷ್ಟ ತೀರಲಿಲ್ಲ. ಇಂಥ ವ್ಯವಹಾರದ ಒಳಲೆಕ್ಕವನ್ನು ಅರ್ಥ ಮಾಡಿಕೊಳ್ಳಲು ನನಗೆ ಬಹಳ ಕಾಲ ಬೇಕಾಯಿತು. ಸಾಮಾನ್ಯವಾಗಿ ರೈತರ ಸಹಕಾರಿ ಸಂಘಕ್ಕೆ ಬಂದರಿನವರೆಗಿನ ಬಾಡಿಗೆಯನ್ನು ಹೇಳುವುದು ದೊಡ್ಡ ಕಂಪನಿಯೇ. ಕಿರು ಕಂಪನಿಗೆ ಸಿಗುವುದು, ತಾನು ಜಂಕ್ಷನ್‌ಗೆ ತಂದೊಪ್ಪಿಸಿದ ಪ್ರತಿ ಡಬ್ಬಿಗೆ ಇಷ್ಟೆಂದು ಗೊತ್ತುಮಾಡಿದ ಪಾಲು. ಆದಾಯ ಡಬ್ಬಿಗಳ ಎಣಿಕೆಯಿಂದ ಬರುತ್ತದೆ, ಖರ್ಚು ಮಾತ್ರ ಮೈಲಿಗಳ ಎಣಿಕೆಯಿಂದ. ಒಂದು ಮೈಲಿ ಹಳಿಯ ಕೆಳಗೆ 3000ಕ್ಕೂ ಹೆಚ್ಚು ಮರದ ಸ್ಲೀಪರ್‌ಗಳಿರುತ್ತವೆ. 108 ಮೈಲಿಗೆ ಮೂರು ಲಕ್ಷವನ್ನು ಮೀರುತ್ತದೆ. ಗೋಧಿ ಬೆಳೆ ಚೆನ್ನಾಗಿರಲಿ, ಕೆಟ್ಟುಹೋಗಲಿ, ಆ ಮರ ಮಳೆಗೂ ಹಿಮಕ್ಕೂ ಒಂದೇ ವೇಗದಲ್ಲಿ ಕೊಳೆಯುತ್ತಿರುತ್ತದೆ.

ಇದಕ್ಕೆ ಇನ್ನೊಂದು ತೊಡಕು ಸೇರಿಕೊಂಡಿತು. 1990ರ ದಶಕದಲ್ಲಿ ದೊಡ್ಡ ಕಂಪನಿಗಳು ತುಂಬಿದ ಡಬ್ಬಿಯ ಗರಿಷ್ಠ ತೂಕವನ್ನು 2,63,000 ಪೌಂಡ್‌ಗಳಿಂದ 2,86,000 ಪೌಂಡ್‌ಗಳಿಗೆ, ಅಂದರೆ ಸುಮಾರು 119 ಟನ್‌ಗಳಿಂದ 130 ಟನ್‌ಗಳಿಗೆ ಏರಿಸಿದವು. ಮುಖ್ಯಮಾರ್ಗದ ದಪ್ಪ ಹಳಿಗೆ ಇದು ಲೆಕ್ಕಕ್ಕಿಲ್ಲದ ವ್ಯತ್ಯಾಸ. ಆದರೆ ಹಗುರ ಗಾಡಿಗಳಿಗೆಂದು ಹಾಕಿದ್ದ ಶಾಖೆಯ ತೆಳು ಹಳಿಗೆ, ಹಳೆಯ ಮರದ ಸೇತುವೆಗಳಿಗೆ ಅದು ದೊಡ್ಡ ಹೊರೆಯೇ. ಹಳಿ ದುರ್ಬಲವಾದರೆ ವೇಗ ತಗ್ಗಿಸಬೇಕು. ಅಮೆರಿಕದ ನಿಯಮದಂತೆ ಅತ್ಯಂತ ಕೆಳದರ್ಜೆಯ ಹಳಿಯಲ್ಲಿ ಸರಕು ರೈಲು ಗಂಟೆಗೆ 10 ಮೈಲಿಗಿಂತ ಹೆಚ್ಚು ವೇಗದಲ್ಲಿ ಓಡುವಂತಿಲ್ಲ. ಮೇಲಿನ ದರ್ಜೆಗೆ ಏರಿದರೆ 25 ಮೈಲಿ. ಹತ್ತು ಮೈಲಿಯ ವೇಗದಲ್ಲಿ ಕೂಲೀ ಸಿಟಿಯಿಂದ ಚೀನಿಗೆ ಬರಲು ಎಲ್ಲೂ ನಿಲ್ಲದಿದ್ದರೂ ಹನ್ನೊಂದು ಗಂಟೆ ಬೇಕು. ರೈಲು ಸಿಬ್ಬಂದಿ ಸತತವಾಗಿ ದುಡಿಯಬಹುದಾದ ಕಾನೂನಿನ ಮಿತಿಯೇ ಹನ್ನೆರಡು ಗಂಟೆ. ಡಬ್ಬಿ ಜೋಡಿಸುವ ಕೆಲಸಕ್ಕೆ ಸಮಯವೆಲ್ಲಿ ಉಳಿಯಿತು?

ಖಾಸಗಿಯವರಿಂದ ಸಾಧ್ಯವಾಗದು ಎಂಬುದು ಸ್ಪಷ್ಟವಾದಾಗ ವಾಷಿಂಗ್ಟನ್ ರಾಜ್ಯ ಸರ್ಕಾರವೇ ಮುಂದೆ ಬಂತು. 2004 ಮತ್ತು 2007ರಲ್ಲಿ, ಎರಡು ಹಂತಗಳಲ್ಲಿ, ಈ ಜಾಲದ ಮೂರು ಶಾಖೆಗಳನ್ನೂ ಅದು ಕೊಂಡುಕೊಂಡಿತು. ಒಟ್ಟು 297 ಮೈಲಿ. ರಾಜ್ಯದ ಅತಿ ಉದ್ದದ ಕಿರು ರೈಲು ಜಾಲ ಇದು. ನೆಲ ಮತ್ತು ಹಳಿ ರಾಜ್ಯದ್ದು, ರೈಲು ಓಡಿಸುವ ಹೊಣೆ ಗುತ್ತಿಗೆ ಪಡೆದ ಕಿರು ಕಂಪನಿಗಳದ್ದು. ಗ್ರಾಂಟ್, ಲಿಂಕನ್, ಸ್ಪೋಕೇನ್ ಮತ್ತು ವಿಟ್ಮನ್ ಎಂಬ ನಾಲ್ಕು ಕೌಂಟಿಗಳು, ಅಂದರೆ ನಮ್ಮ ಜಿಲ್ಲೆಗಳಂಥವು, ಸೇರಿ ರಚಿಸಿಕೊಂಡ ರೈಲು ಪ್ರಾಧಿಕಾರವೂ ಜೊತೆಗಿದೆ. ಸಿಡಬ್ಲ್ಯು ಶಾಖೆಯನ್ನು 2007ರಿಂದ ಈಸ್ಟರ್ನ್ ವಾಷಿಂಗ್ಟನ್ ಗೇಟ್‌ವೇ ಎಂಬ ಕಂಪನಿ ನಡೆಸಿತು, 2018ರಲ್ಲಿ ವಾಷಿಂಗ್ಟನ್ ಈಸ್ಟರ್ನ್ ವಹಿಸಿಕೊಂಡಿತು. ರಸ್ತೆಯನ್ನು ಸರ್ಕಾರ ಕಟ್ಟಿ, ಬಸ್ಸನ್ನು ಯಾರೋ ಓಡಿಸಿದಂತೆ ಎನ್ನಬಹುದು. ಈ ಏರ್ಪಾಟು ನನಗೆ ನ್ಯಾಯವಾಗಿ ಕಂಡಿತು. ಮೂರು ಲಕ್ಷ ಸ್ಲೀಪರ್‌ಗಳ ಭಾರವನ್ನು ಗೋಧಿಯ ಡಬ್ಬಿಗಳೇ ಹೊರಬೇಕೆಂದು ಪಟ್ಟು ಹಿಡಿದಿದ್ದರೆ ಈ ಹಳಿ ಎಂದೋ ಗುಜರಿ ಸೇರುತ್ತಿತ್ತು.

ಚೀನಿಯಿಂದ ಸ್ವಲ್ಪ ದೂರದ ಫೋರ್ ಲೇಕ್ಸ್ ಬಳಿ ನಿನ್ನೆಯ ಪ್ರಶ್ನೆಗೆ ಅರ್ಧ ಉತ್ತರ ಸಿಕ್ಕಿತು. ಇಲ್ಲಿ ಸಹಕಾರಿ ಸಂಘಗಳು ಕೂಡಿ ನಿಲ್ಲಿಸಿರುವ ಗೋಧಿ ಕೇಂದ್ರದ ಸುತ್ತ ಹಳಿ ಉಂಗುರದಂತೆ ಬಳಸಿಕೊಂಡಿದೆ. ಉದ್ದನೆಯ ರೈಲು ಆ ಉಂಗುರದಲ್ಲಿ ಮೆಲ್ಲನೆ ತೆವಳುತ್ತಿರುವಾಗಲೇ ಡಬ್ಬಿಗಳಿಗೆ ಒಂದೊಂದಾಗಿ ಗೋಧಿ ಸುರಿಯಲಾಗುತ್ತದೆ. ಬೇರೆಡೆ ಶಾಖಾ ಮಾರ್ಗವನ್ನು ಕೊಲ್ಲುವ 110 ಡಬ್ಬಿಗಳ ರೈಲು, ಈ ಕೇಂದ್ರ ಶಾಖೆಯ ಮೇಲೆಯೇ ಇರುವ ಕಾರಣ, ಇಲ್ಲಿ ಶಾಖೆಗೆ ಕೆಲಸ ಕೊಡುತ್ತದೆ. ಒಳನಾಡಿನ ಊರುಗಳಿಂದ ಹತ್ತಿಪ್ಪತ್ತು ಡಬ್ಬಿಗಳನ್ನು ಇಲ್ಲಿಯವರೆಗೆ ಎಳೆದು ತಂದರೂ ಲಾಭವೇ, ದೊಡ್ಡ ರೈಲಿಗೆ ದಾರಿ ಬಿಟ್ಟುಕೊಟ್ಟರೂ ಲಾಭವೇ.

ಮೆಡಿಕಲ್ ಲೇಕ್, ರಿಯರ್ಡನ್ ದಾಟಿ ಸಂಜೆಯ ಹೊತ್ತಿಗೆ ಡ್ಯಾವೆನ್‌ಪೋರ್ಟ್ ಸೇರಿದೆ. ರಿಯರ್ಡನ್‌ನ ಆಚೆ, ಗುಡ್ಡದ ತಿರುವಿನಲ್ಲಿ, ಎರಡು ಎಂಜಿನ್‌ಗಳ ಹಿಂದೆ ಹದಿನೇಳು ಡಬ್ಬಿಗಳಿದ್ದ ರೈಲೊಂದು ಎದುರಾಯಿತು. ಕಾರು ನಿಲ್ಲಿಸಿ ಕೆಳಗಿಳಿದೆ. ಹಳಿಯ ಕೂಡುಗಳ ಮೇಲೆ ಒಂದೊಂದು ಡಬ್ಬಿಯೂ ಎಡಕ್ಕೆ ಬಲಕ್ಕೆ ಸಣ್ಣಗೆ ವಾಲುತ್ತ ಬರುತ್ತಿತ್ತು, ತುಂಬಿದ ಎತ್ತಿನ ಗಾಡಿ ಹೊಲದ ಬದು ಹತ್ತಿಳಿಯುವಾಗ ವಾಲುವಂತೆ. ಚಾಲಕ ಕೈಯೆತ್ತಿದ, ನಾನೂ ಎತ್ತಿದೆ. ಕೊನೆಯ ಡಬ್ಬಿ ಹೋಗುವವರೆಗೂ ಅಲ್ಲೇ ನಿಂತಿದ್ದೆ.

ಮೂರನೆಯ ದಿನ

ಡ್ಯಾವೆನ್‌ಪೋರ್ಟ್ ಲಿಂಕನ್ ಕೌಂಟಿಯ ಆಡಳಿತ ಕೇಂದ್ರ. ಬೆಳಗಿನ ತಿಂಡಿಗೆ ಹೋದ ಹೋಟೆಲಿನಲ್ಲಿ ಪಕ್ಕದ ಮೇಜಿನಲ್ಲಿದ್ದ ವಯಸ್ಸಾದ ರೈತರೊಬ್ಬರು, ನಾನು ರೈಲಿನ ಬಗ್ಗೆ ಕೇಳಿದಾಗ, ತಾವಾಗಿಯೇ ಕುರ್ಚಿಯನ್ನು ನನ್ನ ಕಡೆ ಎಳೆದುಕೊಂಡು ಮಾತಿಗೆ ಕುಳಿತರು. ಅವರ ಮಾತಿನಲ್ಲಿ ರೈಲಿಗಿಂತ ರಸ್ತೆಯ ಚಿಂತೆಯೇ ಹೆಚ್ಚಿತ್ತು. ಚಳಿಗಾಲದಲ್ಲಿ ಹೆಪ್ಪುಗಟ್ಟಿದ ನೆಲ ವಸಂತದಲ್ಲಿ ಕರಗುವಾಗ ಹಳ್ಳಿಗಳ ರಸ್ತೆ ಕೆಳಗಿನಿಂದ ಮೆತ್ತಗಾಗುತ್ತದೆ. ಆಗ ಕೌಂಟಿಯವರು ಭಾರದ ಲಾರಿಗಳಿಗೆ ಮಿತಿ ಹಾಕುತ್ತಾರೆ. ಒಂದು ರೈಲು ಡಬ್ಬಿ ಹೊರುವ ಗೋಧಿಗೆ ಮೂರು ನಾಲ್ಕು ಲಾರಿಗಳು ಬೇಕು. ಹಳಿ ಹೋದರೆ ಆ ಭಾರವೆಲ್ಲ ತಮ್ಮ ಊರಿನ ರಸ್ತೆಯ ಮೇಲೆ ಬೀಳುತ್ತದೆ, ಅದರ ದುರಸ್ತಿಗೂ ತಮ್ಮದೇ ತೆರಿಗೆ ಹೋಗುತ್ತದೆ ಎಂಬುದು ಅವರ ಲೆಕ್ಕ.

ನದಿಯ ದೋಣಿಗಳಿಲ್ಲವೇ ಎಂದು ಕೇಳಿದೆ. ಪೂರ್ವ ವಾಷಿಂಗ್ಟನ್‌ನ ಗೋಧಿಯ ದೊಡ್ಡ ಪಾಲು ಸ್ನೇಕ್ ಮತ್ತು ಕೊಲಂಬಿಯಾ ನದಿಗಳಲ್ಲಿ ದೋಣಿಯ ಮೇಲೆ ಸಾಗುತ್ತದೆ. 1975ರಲ್ಲಿ ಲೋವರ್ ಗ್ರಾನೈಟ್ ಅಣೆಕಟ್ಟು ಮುಗಿದ ಮೇಲೆ ದೋಣಿಗಳು ಐಡಹೊದ ಲೂಯಿಸ್ಟನ್‌ವರೆಗೂ ಬರತೊಡಗಿ, ರೈಲಿನ ವ್ಯಾಪಾರವನ್ನು ಕಿತ್ತುಕೊಂಡವು. ರೈತರು ತಲೆಯಾಡಿಸಿ, ಆ ನದಿಯೂ ಒಂದು ಚಳಿಗಾಲ ಮುಚ್ಚಿತ್ತಲ್ಲ ಎಂದರು. 2010ರ ಡಿಸೆಂಬರ್‌ನಿಂದ 2011ರ ಮಾರ್ಚ್‌ವರೆಗೆ ಅಣೆಕಟ್ಟುಗಳಲ್ಲಿ ದೋಣಿಗಳನ್ನು ಏರಿಸಿ ಇಳಿಸುವ ಲಾಕ್ ಗೇಟುಗಳ ದುರಸ್ತಿಗಾಗಿ ದೋಣಿ ಸಂಚಾರ ನಿಂತಿದ್ದನ್ನು ಅವರು ಹೇಳುತ್ತಿದ್ದರು. ಎರಡು ದಾರಿಗಳಿದ್ದವನಿಗೆ ಬಾಡಿಗೆಯ ಚೌಕಾಸಿಯಲ್ಲಿ ಬಲವಿರುತ್ತದೆ, ಒಂದೇ ಇದ್ದವನು ಕೇಳಿದಷ್ಟು ಕೊಡಬೇಕಾಗುತ್ತದೆ ಎಂಬ ಅವರ ಮಾತು ನನಗೆ ಪೂರ್ತಿಯಾಗಿ ಒಪ್ಪಿಗೆಯಾಯಿತು.

ಇಲ್ಲಿ ಬೆಳೆಯುವುದು ಹೆಚ್ಚಾಗಿ ಬಿಳಿಯ ಮೆದು ಗೋಧಿ. ಕೇಕು, ಬಿಸ್ಕತ್ತು, ಕೆಲವು ಬಗೆಯ ನೂಡಲ್ಸ್‌ಗೆ ಹೇಳಿ ಮಾಡಿಸಿದಂಥದ್ದು. ಅದರ ಬಹುಪಾಲು ಪಶ್ಚಿಮ ಕರಾವಳಿಯ ಬಂದರುಗಳಿಂದ ಜಪಾನ್, ಫಿಲಿಪ್ಪೀನ್ಸ್, ದಕ್ಷಿಣ ಕೊರಿಯಾ ಮುಂತಾದ ದೇಶಗಳಿಗೆ ಹೋಗುತ್ತದೆ. ಸಮುದ್ರ ತಲುಪದ ಗೋಧಿಗೆ ಬೆಲೆಯಿಲ್ಲ. ಆದ್ದರಿಂದ ಸಾಗಣೆಯ ಪ್ರತಿ ಸೆಂಟೂ ರೈತನ ಜೇಬಿನಿಂದಲೇ ಕಳೆಯುತ್ತದೆ. ಸಣ್ಣ ಶಾಖೆಗಳಿಗೆ ದೊಡ್ಡ ಕಂಪನಿಗಳಿಂದ ಡಬ್ಬಿಗಳೇ ಸಿಗದೆ ಗೋಧಿ ಬಿದ್ದಿರುತ್ತಿದ್ದ ಕಾಲದಲ್ಲಿ, 1994ರಲ್ಲಿ, ರಾಜ್ಯವು ತಾನೇ ಡಬ್ಬಿಗಳನ್ನು ಕೊಂಡು ‘ವಾಷಿಂಗ್ಟನ್ ಗ್ರೇನ್ ಟ್ರೇನ್’ ಎಂಬ ಯೋಜನೆ ಆರಂಭಿಸಿದ್ದರ ಹಿನ್ನೆಲೆ ಇದೇ.

ಡ್ಯಾವೆನ್‌ಪೋರ್ಟ್ ಬಿಟ್ಟ ಮೇಲೆ ಕ್ರೆಸ್ಟನ್, ವಿಲ್ಬರ್, ಆಲ್ಮೈರಾ, ಹಾರ್ಟ್‌ಲೈನ್. ಪ್ರತಿಯೊಂದೂ ಹಳಿಯ ಪಕ್ಕ ನಿಂತ ಎಲಿವೇಟರ್ ಎಂಬ ಎತ್ತರದ ಧಾನ್ಯದ ಕಣಜದಿಂದಲೇ ದೂರದಿಂದ ಗುರುತು ಸಿಗುವ ಊರು. ನಮ್ಮ ಬಯಲುಸೀಮೆಯವರು ಜೋಳವನ್ನು ನೆಲದೊಳಗಿನ ಹಗೇವಿನಲ್ಲಿ ತುಂಬಿಡುತ್ತಿದ್ದರು. ಇವರು ಆಕಾಶಕ್ಕೆ ಎತ್ತಿ ತುಂಬುತ್ತಾರೆ, ಡಬ್ಬಿಗೆ ತಾನಾಗಿ ಇಳಿಯಲಿ ಎಂದು. ವಿಲ್ಬರ್ ಮತ್ತು ಆಲ್ಮೈರಾದ ನಡುವಿನ ಗೋವನ್‌ನಲ್ಲಿ ಊರೆಂಬುದು ಹೆಚ್ಚೇನೂ ಉಳಿದಿಲ್ಲ. ಗಂಟೆಗೋಪುರವಿರುವ ಪಾಳು ಶಾಲೆಯೊಂದು ಒಣಹುಲ್ಲಿನ ನಡುವೆ ನಿಂತಿದೆ. ಲೆವೆಲ್ ಕ್ರಾಸಿಂಗ್ ಒಂದರಲ್ಲಿ ಬಗ್ಗಿ ನೋಡಿದಾಗ ಹಳಿಯ ಸೊಂಟದ ಮೇಲೆ ಕಳೆದ ಶತಮಾನದ ಮೊದಲ ದಶಕಗಳ ವರ್ಷ ಅಚ್ಚಾಗಿದ್ದುದು ಕಂಡಿತು.

ಪಶ್ಚಿಮಕ್ಕೆ ಹೋದಂತೆ ಮಳೆ ಕಡಿಮೆಯಾಗುತ್ತದೆ. ಒಂದು ವರ್ಷ ಬೆಳೆದರೆ ಮರುವರ್ಷ ನೆಲವನ್ನು ಬೀಳುಬಿಟ್ಟು ತೇವ ಕೂಡಿಸುವ ಪದ್ಧತಿ ಇಲ್ಲಿಯದು. ಅಂದರೆ ಕಣ್ಣಿಗೆ ಕಾಣುವ ನೆಲದಲ್ಲಿ ಯಾವ ವರ್ಷವೂ ಸುಮಾರು ಅರ್ಧ ಖಾಲಿ. ರೈಲಿನ ಲೆಕ್ಕದಲ್ಲಿ ಇದರ ಅರ್ಥ, ಮೈಲಿ ಮೈಲಿಗೂ ಡಬ್ಬಿಗಳು ಇನ್ನೂ ಕಡಿಮೆ. ಕಿರು ಮಾರ್ಗದ ತುದಿ ಯಾವಾಗಲೂ ಅದರ ಅತ್ಯಂತ ಬಡ ಭಾಗವಾಗಿರುತ್ತದೆ ಎಂಬುದನ್ನು ಹೀಗೆ ಹೊಲಗಳ ಬಣ್ಣದಲ್ಲೇ ಓದಬಹುದು.

ಕೂಲೀ ಸಿಟಿಯಲ್ಲಿ ಹಳಿ ಕೊನೆಗೊಳ್ಳುತ್ತದೆ. ಆಚೆಗೆ ಹಿಮಯುಗದ ಮಹಾಪ್ರವಾಹಗಳು ಕೊರೆದ ಗ್ರ್ಯಾಂಡ್ ಕೂಲೀ ಕಂದರವಿದೆ, ಸ್ವಲ್ಪವೇ ದೂರದಲ್ಲಿ ನೀರಿಲ್ಲದ ಜಲಪಾತವಾದ ಡ್ರೈ ಫಾಲ್ಸ್. ಆದರೆ ನನ್ನ ಮನಸ್ಸು ಇದ್ದದ್ದು ಊರಿನ ಪಕ್ಕದ ಓಡೇರ್ ಎಂಬ ಜಾಗದ ಮೇಲೆ. 1930ರ ದಶಕದಲ್ಲಿ ಗ್ರ್ಯಾಂಡ್ ಕೂಲೀ ಅಣೆಕಟ್ಟು ಕಟ್ಟುವಾಗ, ಇಲ್ಲಿಂದ ಅಣೆಕಟ್ಟಿನವರೆಗೆ ಸರ್ಕಾರ ಪ್ರತ್ಯೇಕ ರೈಲುಮಾರ್ಗ ಹಾಕಿತು. ಸಿಮೆಂಟು, ಉಕ್ಕು, ಯಂತ್ರಗಳು ಆ ಮಾರ್ಗದಲ್ಲಿ ಹೋದವು. ಕೆಲಸ ಮುಗಿದ ಬಳಿಕ ಆ ಮಾರ್ಗವನ್ನು ಕಿತ್ತರು. ಇಂದು ಅದನ್ನು ಹುಡುಕಬೇಕೆಂದರೆ ನೆಲದ ಏರುತಗ್ಗನ್ನೇ ನೋಡಬೇಕು. ಅಂದು ಸಂಜೆ ಕೂಲೀ ಸಿಟಿಯ ಹಳಿಯ ಮೇಲೆ ರೈಲು ಬರಲಿಲ್ಲ. ಎಲಿವೇಟರಿನ ನೆರಳು ರಸ್ತೆ ದಾಟುವವರೆಗೆ ಕಾದು, ಬಂದ ದಾರಿಯಲ್ಲೇ ಸ್ಪೋಕೇನ್‌ಗೆ ಮರಳಿದೆ.

ನಾಲ್ಕನೆಯ ದಿನ

ಕೊನೆಯ ದಿನವನ್ನು, ಯಾರೂ ವಹಿಸಿಕೊಳ್ಳದ ಮಾರ್ಗವೊಂದನ್ನು ನೋಡಲು ಇಟ್ಟುಕೊಂಡಿದ್ದೆ. ಸ್ಪೋಕೇನ್‌ನ ದಕ್ಷಿಣಕ್ಕೆ ಪಲೂಸ್‌ನ ಗುಡ್ಡಗಳ ನಡುವೆ ಮಾಲ್ಡನ್ ಎಂಬ ಊರಿದೆ. 1909ರಲ್ಲಿ ಪೆಸಿಫಿಕ್ ತೀರವನ್ನು ಮುಟ್ಟಿದ ಮಿಲ್ವಾಕಿ ರೋಡ್ ರೈಲ್ವೆಗೆ ಇದು ಎಂಜಿನ್ ಬದಲಿಸುವ ಠಾಣೆಯಾಗಿತ್ತು. ಆ ಕಂಪನಿ ದಿವಾಳಿಯಾಗಿ, 1980ರ ಮಾರ್ಚ್‌ನಲ್ಲಿ ಮೊಂಟಾನಾದಿಂದ ಪಶ್ಚಿಮದ ತನ್ನ ಮಾರ್ಗವನ್ನೆಲ್ಲ ಕೈಬಿಟ್ಟಿತು. ಕೆಲವು ತುಂಡುಗಳನ್ನು ಬೇರೆಯವರು ಕೊಂಡರು, ಮಾಲ್ಡನ್‌ನ ಮೂಲಕ ಹಾದ ಮಾರ್ಗವನ್ನು ಯಾರೂ ಕೊಳ್ಳಲಿಲ್ಲ. ಹಳಿ ಎದ್ದುಹೋಯಿತು. ನೆಲ ರಾಜ್ಯಕ್ಕೆ ಬಂದು ಈಗ ಪಲೂಸ್ ಟು ಕ್ಯಾಸ್ಕೇಡ್ಸ್ ಎಂಬ ಕಾಲುಹಾದಿಯ ಭಾಗವಾಗಿದೆ. 2020ರ ಸೆಪ್ಟೆಂಬರ್ 7ರ ಕಾಳ್ಗಿಚ್ಚಿನಲ್ಲಿ ಊರಿನ ಬಹುತೇಕ ಮನೆಗಳು ಸುಟ್ಟುಹೋದವು. ಹೊಸ ಮನೆಗಳ ನಡುವೆ ಇನ್ನೂ ಖಾಲಿ ನಿವೇಶನಗಳಿವೆ. ಹಳೆಯ ರೈಲು ದಿಬ್ಬದ ಮೇಲೆ ನಾನು ಒಂದು ಮೈಲಿಯಷ್ಟು ನಡೆದೆ. ಕಾಲಡಿಯ ಜಲ್ಲಿ ಇನ್ನೂ ರೈಲಿನ ಜಲ್ಲಿಯೇ.

ಅಲ್ಲಿಂದ ರೊಸಾಲಿಯಾ ಹತ್ತಿರ. ಊರಂಚಿನಲ್ಲಿ, ಪೈನ್ ಕ್ರೀಕ್ ಹಳ್ಳದ ಮೇಲೆ, ಮಿಲ್ವಾಕಿ ರೋಡ್ ಕಟ್ಟಿದ ಕಾಂಕ್ರೀಟ್ ಕಮಾನುಗಳ ಸೇತುವೆ ಇಂದಿಗೂ ನಿಂತಿದೆ. ಒಂದು ಖಂಡವನ್ನೇ ದಾಟುವ ರೈಲುಗಳಿಗಾಗಿ ಕಟ್ಟಿದ್ದು, ಈಗ ಅದರ ಮೇಲೆ ಒಂದು ಹಳಿಯೂ ಇಲ್ಲ. ಅದೇ ಸೇತುವೆಯ ಕೆಳಗೆ, ಕಮಾನಿನ ನೆರಳಿನಲ್ಲಿ, ನಾರ್ದರ್ನ್ ಪೆಸಿಫಿಕ್‌ನ ಪಲೂಸ್ ಶಾಖೆಯ ಒಂಟಿ ಹಳಿ ಹಾದುಹೋಗುತ್ತದೆ. ರಾಜ್ಯ ಕೊಂಡ ಮೂರು ಶಾಖೆಗಳಲ್ಲಿ ಇದೂ ಒಂದು, 84 ಮೈಲಿಯದು. ಕಟ್ಟಿದ ಕಾಲದಲ್ಲಿ ಮೇಲಿನದು ರಾಜಮಾರ್ಗ, ಕೆಳಗಿನದು ಹಳ್ಳಿಯ ದಾರಿ.

ಹಳಿಯ ಮೇಲ್ಮೈ ನೋಡಿದೆ. ತುಕ್ಕಿರಲಿಲ್ಲ, ಚಕ್ರಗಳು ಉಜ್ಜಿದ ಬೆಳ್ಳಿಯ ಹೊಳಪಿತ್ತು. ಸ್ಲೀಪರ್‌ಗಳ ಸಾಲಿನಲ್ಲಿ ಬೂದುಬಣ್ಣಕ್ಕೆ ತಿರುಗಿದ ಹಳೆಯವುಗಳ ನಡುವೆ, ಮೂರಕ್ಕೋ ನಾಲ್ಕಕ್ಕೋ ಒಂದರಂತೆ, ಇನ್ನೂ ಎಣ್ಣೆಯ ಕಪ್ಪು ಆರದ ಹೊಸ ದಿಮ್ಮಿಗಳಿದ್ದವು. ಬದಲಿಸಿದ ಹಳೆಯ ದಿಮ್ಮಿಗಳನ್ನು ಪಕ್ಕದ ಇಳಿಜಾರಿನಲ್ಲಿ ಒಟ್ಟಿದ್ದರು. ಹೊಸವನ್ನು ಎಣಿಸುತ್ತ ಕಮಾನಿನ ಆಚೆಯ ಕ್ರಾಸಿಂಗ್‌ವರೆಗೆ ರಸ್ತೆಯಂಚಿನಲ್ಲಿ ನಡೆದೆ, ಅರವತ್ತೆರಡಾದವು. ಆಮೇಲೆ ಕಾರು ಹತ್ತಿ ಸಿಯಾಟಲ್ ಕಡೆಗೆ ತಿರುಗಿಸಿದೆ.